ಬಟ್ಟಲು ಹಿಡಿದು ಮುಲಾಮು ಕೇಳಲು ಬಂದವಳು

ಕೇಳ್ರಮ್ಮ, ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಮುನಿಲಕ್ಷ್ಮಿ ಬಟ್ಟಲು ಹಿಡಿದು ಬಂದಳು. ನಮ್ಮ ಕುಂದಾಣದ ಕಡೆ ಬೆಳಿಗ್ಗೆ ಬಟ್ಟಲು ಹಿಡಿದು ಬಂದರೆ ಹೆಪ್ಪಿಗೆ ಮಜ್ಜಿಗೆ ಬೇಕು ಎಂದೇ ಅರ್ಥ. ನಾನು ಅಡುಗೆಮನೆಗೆ ಹೊರಟೆ.

"ಮಜ್ಜಿಗೆ ಬ್ಯಾಡ ಕಣಕ್ಕ. ನಿನ್ ಕಾಲಿನ ಇಸುಬಿಗೆ ಹಚ್ಕೊತೀಯಲ್ಲ, ಆ ಮುಲಾಮು ಒಂಚೂರು ಹಾಕು. ಮಗೀಗೆ ತೊಡೆ ಸಂದೀಲಿ ಕೆಂಪಗಾಗ್ಬುಟ್ಟದೆ."

ಮಗು ಎಂದರೆ ಅವಳ ಮೊಮ್ಮಗಳು. ಇನ್ನೂ ಹಲ್ಲು ಕೂಡ ಬಂದಿಲ್ಲ.

"ಲೇ ಲಕ್ಷ್ಮಿ, ಇದು ನನ್ನ ಎಮ್ಮೆ ಚರ್ಮದ ಪಾದಕ್ಕೆ ಕೊಟ್ಟಿರೋ ಜೋರು ಔಷ್ದಿ. ನಂಗೇ ತೆಳ್ಳಗೆ ಸವರ್ಕೊ, ಹೇಳಿದಷ್ಟೇ ದಿನ ಹಚ್ಚು, ಮುಖಕ್ಕೆ ಮುಟ್ಟಿಸ್ಬ್ಯಾಡ ಅಂದವ್ರೆ ಡಾಕ್ಟ್ರು. ಎಳೇ ಚರ್ಮಕ್ಕೆ ಹಚ್ಚಿದ್ರೆ ಚರ್ಮ ಸವೆದೋಗ್ತದೆ, ಮೈಯೊಳಕ್ಕೂ ಇಳೀತದೆ."

"ನಿಂಗೆ ಬಿರ್ನೆ ವಾಸಿ ಆಯ್ತಲ್ಲ! ಕೊಡಕ್ಕೆ ಮನಸಿಲ್ಲ ಅನ್ನು."

"ಬಿರ್ನೆ ವಾಸಿ ಆಯ್ತು ಅಂದ್ರೆ ಅದೆಷ್ಟು ಜೋರು ಅಂತ ನೀನೇ ನೋಡು. ನನ್ ಸೀರೆ ತಂದು ಮಗೀಗೆ ಉಡಿಸ್ತೀಯಾ? ಹೋಗು, ಡಾಕ್ಟ್ರಿಗೆ ತೋರ್ಸು."

ಮೂತಿ ತಿರುಗಿಸಿಕೊಂಡು ಹೋದಳು.

ಸಂಜೆ ಅವಳ ಸೊಸೆ ಬಂದು ಹೇಳಿದಳು. ಮಗುವನ್ನು ಡಾಕ್ಟರಿಗೆ ತೋರಿಸಿದರಂತೆ. ಒದ್ದೆ ಬಟ್ಟೆಯಿಂದ ಆಗಿದೆ, ಆಗಾಗ ಬಟ್ಟೆ ಬದಲಿಸಿ ಒಣಗಿರುವಂತೆ ನೋಡಿಕೊಳ್ಳಿ ಎಂದು ಬೇರೆ ಔಷಧಿ ಕೊಟ್ಟರಂತೆ. ನನ್ನ ಮುಲಾಮಿನ ಸುದ್ದಿ ಕೇಳಿ ಅಜ್ಜಿಗೆ ಚೆನ್ನಾಗಿ ಬೈದರಂತೆ.

ಮುನಿಲಕ್ಷ್ಮಿ ಮಾತ್ರ, "ಆವಕ್ಕ ಕೂಸಿಗೂ ಒಂಚೂರು ಮುಲಾಮು ಕೊಡಲಿಲ್ಲ, ಅಂಥ ಜಿಪುಣಿ" ಎಂದು ಬೀದಿಗೆಲ್ಲ ಸಾರುತ್ತಿದ್ದಾಳೆ. ಸಾರಲಿ ಬಿಡಿ. ಇನ್ನು ಯಾರೂ ಮುಲಾಮು ಕೇಳಿಕೊಂಡು ನನ್ನ ಬಾಗಿಲಿಗೆ ಬರುವುದಿಲ್ಲ.