ಪುಟ್ಟಪ್ಪ ತಾತನ ತಾಳ

ಆಗೆಲ್ಲ ಮೈಸೂರಿನ ನಜರ್‌ಬಾದಿನಲ್ಲಿ ಸಂಗೀತ ಕೇಳಲು ಟಿಕೆಟ್ಟು ಬೇಕಿರಲಿಲ್ಲ, ಚಪ್ಪಲಿ ಬಿಡಲು ಜಾಗ ಸಿಕ್ಕರೆ ಸಾಕಿತ್ತು. ನಮ್ಮ ಸಂಗೀತ ಸಭೆಗೆ ಸ್ವಂತ ಕಟ್ಟಡವಿರಲಿಲ್ಲ. ಕಚೇರಿಗಳೆಲ್ಲ ಸೌದೆ ಡಿಪೋ ಪುಟ್ಟಪ್ಪ ತಾತನ ಮನೆಯ ಹಜಾರದಲ್ಲೇ. ಜಮಖಾನ ಅವರದು, ಕಾಫಿ ಅವರ ಮನೆಯದು. ಊದುಬತ್ತಿ, ಕಾಫಿ, ಒಣ ಸೌದೆ ಎಲ್ಲ ಬೆರೆತ ಆ ವಾಸನೆ ನನಗೆ ಇಂದಿಗೂ ಸಂಗೀತದ ವಾಸನೆ. ಸ್ಕೂಲು ಮೇಷ್ಟರಾಗಿದ್ದ ಅಪ್ಪ ಸಭೆಯ ಕಾರ್ಯದರ್ಶಿ. ಒಂಬತ್ತು ವರ್ಷದ ನಾನು ಮೊದಲ ಸಾಲಿನಲ್ಲಿ ತಾತನ ಪಕ್ಕದ ಖಾಯಂ ಗಿರಾಕಿ, ಯಾಕೆಂದರೆ ಅವರ ಜೇಬಿನಲ್ಲಿ ಕಲ್ಲುಸಕ್ಕರೆ ಇರುತ್ತಿತ್ತು.

ತಾತನಿಗೆ ಸಂಗೀತವೆಂದರೆ ಪ್ರಾಣ. ತೊಡೆ ತಟ್ಟಿ ತಾಳ ಹಾಕುತ್ತಿದ್ದರು. ಆದರೆ ಬಸ್ಸು ನಿಲ್ಲುವ ಮೊದಲೇ ಇಳಿದುಬಿಡುವವರ ಹಾಗೆ, ಅವರ ಪೆಟ್ಟು ಸದಾ ಒಂದು ಚೂರು ಮುಂಚೆಯೇ ಬೀಳುತ್ತಿತ್ತು. ಹಿಂದಿನ ವರ್ಷ ಮೃದಂಗದವರೊಬ್ಬರು ಎದುರಿಗಿದ್ದ ಆ ಕೈ ನೋಡಿ ನೋಡಿ ತಾವೇ ತಾಳ ತಪ್ಪಿ, ಇನ್ನು ಈ ಸಭೆಗೆ ಕಾಲಿಡುವುದಿಲ್ಲವೆಂದು ಹೊರಟುಹೋಗಿದ್ದರು. ಸುದ್ದಿ ಹಬ್ಬಿತು. ಹೊಸ ಸಾಲಿನ ಕಚೇರಿಗಳಿಗೆ ಒಪ್ಪಿದವರು ಕೋಲಾರದ ಕಡೆಯ ಗಾಯಕರೊಬ್ಬರೇ. ಅವರೂ ಮುನಿಸಿಕೊಂಡರೆ ಸಭೆಯ ಬಾಗಿಲು ಹಾಕಿದಂತೆಯೇ.

ನಮ್ಮ ಮನೆಯಲ್ಲಿ ಅವರೆಕಾಳು ಉಪ್ಪಿಟ್ಟಿನ ಮುಂದೆ ಸಮಿತಿ ಸೇರಿತು.

"ನೀವು ಹೇಳಿ ಮೇಷ್ಟ್ರೇ, ನಿಮ್ಮ ಮಾತು ಕೇಳ್ತಾರೆ."

"ಅಯ್ಯೋ, ಅವರ ಮನೇಲಿ ಕೂತು ಅವರಿಗೇ ತಾಳ ಹಾಕ್ಬೇಡಿ ಅನ್ನೋದು ಹೆಂಗ್ರೀ?"

ಉಪ್ಪಿಟ್ಟು ಮುಗಿಯಿತು, ಹೇಳುವವರು ಸಿಗಲಿಲ್ಲ. ಕೊನೆಗೆ ಒಂದು ನಿಯಮವೇ ಹುಟ್ಟಿತು: ವಿದ್ವಾಂಸರ ಏಕಾಗ್ರತೆಯ ದೃಷ್ಟಿಯಿಂದ ಇನ್ನು ಮುಂದೆ ಯಾರೂ ತಾಳ ಹಾಕಕೂಡದು. ಕೇಳಿ ಎಲ್ಲರಿಗಿಂತ ಸಂತೋಷಪಟ್ಟವರು ತಾತ.

"ಒಳ್ಳೇ ಕೆಲ್ಸ ಮಾಡಿದ್ರಿ ಕಣ್ರೀ. ಕೆಲವ್ರು ತಪ್ಪುತಪ್ಪಾಗಿ ಹಾಕ್ಬುಡ್ತಾರೆ."

ಭಾನುವಾರ ಸಂಜೆ ಕಚೇರಿ ಶುರುವಾಯಿತು. ಹಜಾರದ ತುಂಬ ಜನ, ಎಲ್ಲರೂ ಕೈಕಟ್ಟಿ ಕೂತಿದ್ದರು. ಪೋಸ್ಟ್‌ಮಾಸ್ಟರು ತಮ್ಮ ಕೈಗಳ ಮೇಲೆ ತಾವೇ ಕೂತಿದ್ದರು. ಅಮ್ಮನ ಸೀರೆಯ ಅಂಚಿನಡಿ ಕಾಲಿನ ಹೆಬ್ಬೆರಳೊಂದು ಮಾತ್ರ ಕದ್ದು ಕುಣಿಯುತ್ತಿತ್ತು. ಎರಡನೆಯ ಕೃತಿ ಮುಗಿಯುವಷ್ಟರಲ್ಲಿ ಗಾಯಕರ ಮುಖ ಸಣ್ಣಗಾಯಿತು. ಶಾಲು ಮಡಿಸತೊಡಗಿದರು.

"ಮೇಷ್ಟ್ರೇ, ನನ್ನ ಹಾಡು ರುಚಿಸಲಿಲ್ಲ ಅಂತ ಕಾಣುತ್ತೆ. ಇಷ್ಟು ಜನದಲ್ಲಿ ಒಂದು ಕೈಯೂ ಆಡ್ತಿಲ್ಲ. ಮೈಸೂರಿನವರಿಗೇ ಬೇಡವಾದ ಮೇಲೆ ಇನ್ಯಾಕೆ ಹಾಡಲಿ?"

ನಿಜ ಹೇಳಿದರೆ ತಾತನಿಗೆ ನೋವು, ಹೇಳದಿದ್ದರೆ ಗಾಯಕರು ಎದ್ದುಹೋಗುತ್ತಾರೆ. ಅಪ್ಪನ ಪಾಡು ನೋಡಲಾಗದೆ ನಾನು ಎದ್ದು ನಿಂತೆ.

"ಹಾಡು ಚೆನ್ನಾಗಿದೆ. ಅಪ್ಪನೇ ಯಾರೂ ತಾಳ ಹಾಕ್ಬೇಡಿ ಅಂದಿದ್ದು. ತಾತಂಗೆ ತಾಳ ಬರಲ್ಲ, ಅದಕ್ಕೆ."

ತಾತ ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ನನ್ನ ಬಾಯಲ್ಲಿದ್ದ ಅವರ ಕಲ್ಲುಸಕ್ಕರೆ ನುಂಗಲಾಗಲಿಲ್ಲ. ನಾಚಿಕೆಯಿಂದ ಅಳು ಬಂತು.

"ಹೌದಾ ಮೇಷ್ಟ್ರೇ? ಇಷ್ಟು ವರ್ಷವೂ ತಪ್ಪೇ ಹಾಕ್ತಿದ್ನಾ?"

ಅಪ್ಪ ತಲೆ ತಗ್ಗಿಸಿದರು. ತಾತ ಗಾಯಕರ ಕಡೆ ತಿರುಗಿ ಕೈಮುಗಿದರು.

"ಸ್ವಾಮಿ, ಇವರೆಲ್ಲ ನನ್ ಮುಖ ನೋಡ್ಕೊಂಡು ಕೈ ಕಟ್ಕೊಂಡವ್ರೆ. ನೀವು ಹಾಡಿ, ಎಲ್ರೂ ಹಾಕ್ಲಿ. ನಾನು ಈ ಕೂಸಿನ ಕೈ ಹಿಡ್ಕೊಂಡು ಕೂತಿರ್ತೀನಿ."

ಗಾಯಕರು ನಕ್ಕು, ಮಡಿಸಿದ್ದ ಶಾಲು ಬಿಚ್ಚಿ ಮತ್ತೆ ಹಾಡತೊಡಗಿದರು. ಕಟ್ಟಿಹಾಕಿದ್ದ ಕೈಗಳೆಲ್ಲ ಒಟ್ಟಿಗೆ ತೊಡೆಯ ಮೇಲೆ ಬಿದ್ದವು. ಪೋಸ್ಟ್‌ಮಾಸ್ಟರು ಎರಡೂ ಕೈಯಲ್ಲಿ ಹಾಕಿದರು. ಅಂದಿನಂಥ ಕಚೇರಿ ಆ ಹಜಾರದಲ್ಲಿ ಮತ್ತೆ ಆಗಲಿಲ್ಲವೆಂದು ಅಪ್ಪ ಕೊನೆಯವರೆಗೂ ಹೇಳುತ್ತಿದ್ದರು. ತಾತ ಮಾತಿನಂತೆ ನನ್ನ ಕೈ ಹಿಡಿದೇ ಇದ್ದರು. ಆದರೆ ಯಾರಿಗೂ ಕಾಣದ ಹಾಗೆ ನನ್ನ ಅಂಗೈಯೊಳಗೆ ಅವರ ಬೆರಳು ಮೆಲ್ಲಗೆ ತಟ್ಟುತ್ತಲೇ ಇತ್ತು, ಪ್ರತಿ ಸಲವೂ ಒಂದು ಚೂರು ಮುಂಚೆ. ನಾನು ಯಾರಿಗೂ ಹೇಳಲಿಲ್ಲ.

ಆ ಮನೆ ಈಗಿಲ್ಲ. ತಣ್ಣನೆಯ ಸಭಾಂಗಣದಲ್ಲಿ ಮೆತ್ತನೆಯ ಕುರ್ಚಿಗಳಿವೆ, ಕೈಗಳು ಮೊಬೈಲು ಹಿಡಿದಿರುತ್ತವೆ. ಒಂದು ಕೈಯೂ ಆಡದಿದ್ದರೂ ಹಾಡುವವರು ಈಗ ಯಾಕೆಂದು ಕೇಳುವುದಿಲ್ಲ. ಮೊನ್ನೆ ಸಂಗೀತ ಕಲಿಯುತ್ತಿರುವ ಮೊಮ್ಮಗಳು ತಾಳ ಹಾಕುತ್ತಿದ್ದ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಅಜ್ಜಿ, ಮುಂಚೆ ಬೀಳ್ತಿದೆ."

"ಗೊತ್ತು ಕಣೇ," ಎಂದೆ. ಕೈ ಬಿಡಿಸಿಕೊಂಡು ಮತ್ತೆ ಹಾಗೆಯೇ ಹಾಕಿದೆ.