ಹೊಸ್ತಿಲ ಬಳಿಯ ಚಂದ್ರ

ಮೊನ್ನೆ ಕಮಲಾಪುರಕ್ಕೆ ಹೋಗಿ ಬಂದ ಪಕ್ಕದ ಮನೆಯಾಕೆ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಹಿಡಿದು ನಮ್ಮ ಬಾಗಿಲಲ್ಲಿ ನಿಂತಳು. ಆ ವಾಸನೆ ಬಂದದ್ದೇ ತಡ, ನನಗೆ ಕಣ್ಣು ತುಂಬಿ ಬಂತು. ಬಾಳೆಹಣ್ಣಿಗೆ ಯಾರಾದರೂ ಅಳುತ್ತಾರೆಯೇ ಎಂದು ನೀವು ನಗಬಹುದು. ಆ ಹಣ್ಣು ನಮ್ಮ ಮನೆಗೆ ಬರುತ್ತಿದ್ದದ್ದು ಶಾಂತಾ ಅತ್ತೆಯ ಚೀಲದಲ್ಲಿ.

ಅತ್ತೆ ಎಂದರೆ ರಕ್ತಸಂಬಂಧವಲ್ಲ. ಕಮಲಾಪುರದಲ್ಲಿ ನೆರೆಮನೆಯ ಬಾಣಂತಿ ತೀರಿಕೊಂಡಾಗ ನಮ್ಮ ಅಜ್ಜಿ ಆ ಕೂಸನ್ನು ಎತ್ತಿ ತಂದು ಅಪ್ಪನ ಜೊತೆ ಬೆಳೆಸಿದಳಂತೆ. ಮುಂದೆ ಅತ್ತೆ ಅದೇ ಊರಿನ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತ, ಶನಿವಾರಕ್ಕೊಮ್ಮೆ ಜೇವರ್ಗಿ ಕಾಲೋನಿಯ ನಮ್ಮ ಮನೆಗೆ ಬರುತ್ತಿದ್ದಳು. ಎಂಬತ್ತರ ದಶಕದ ಅಂಥ ಒಂದು ಶನಿವಾರ ನನಗೆ ಗ್ರಹಗಳ ಪಾಠ ನಡೆಯಿತು. ನಡುಮನೆಯಲ್ಲಿ ಕುಂಬಳಕಾಯಿ ಶನಿಯಾಗಿ ಕೂತಿತು. ‘ಶನಿವಾರ ಶನಿ ಹೆಸರು ಎತ್ತಬ್ಯಾಡ್ರೇ!’ ಎಂದು ಅಜ್ಜಿ ಗೊಣಗಿದಳು, ಆದರೂ ಅಲ್ಲೇ ಕೂತು ನೋಡಿದಳು. ಹುರಿಗಡಲೆಯ ಚಂದ್ರರು ಸುತ್ತ ಬಂದರು. ಒಂದಿಬ್ಬರು ನನ್ನ ಬಾಯಿಗೂ ಹೋದರು. ಒಂದು ಜೋಳದ ಕಾಳನ್ನು ಮಾತ್ರ ಅತ್ತೆ ದೂರ, ಹೊಸ್ತಿಲ ಹತ್ತಿರ ಇಟ್ಟಳು.

‘ಇದು ಫೀಬಿ. ಸಣ್ಣದು, ಅಂಕುಡೊಂಕು. ಶನಿ ಜೋಡಿ ಹುಟ್ಟಿದ್ದಲ್ಲಂತ, ಎಲ್ಲಿಂದೋ ಬಂದು ಸಿಕ್ಕೊಂಡದ. ಉಳಿದವು ಒಂದ್ ಕಡಿ ಸುತ್ತಿದ್ರ ಇದು ಉಲ್ಟಾ ಸುತ್ತತದ.’

‘ಸುತ್ತೋದಂತೂ ಬಿಟ್ಟಿಲ್ಲಲ್ಲ?’ ಎಂದಳು ಅಜ್ಜಿ. ‘ಅಂದ್ಮ್ಯಾಲ ಅದೂ ಶನೀದೇ.’

ತೊಂಬತ್ತರ ದಶಕದಲ್ಲಿ ಅಜ್ಜಿ ತೀರಿಕೊಂಡಾಗ ನಮಗೆಲ್ಲ ಸೂತಕ. ಅತ್ತೆಯೂ ನಮ್ಮೊಡನೆ ಮೂಲೆಯಲ್ಲಿ ಕೂತಳು. ಆಚಾರ್ಯರು ಒಳ್ಳೆಯ ಮನಸ್ಸಿನಿಂದಲೇ, ‘ನಿಮಗ ಸೂತಕ ಇಲ್ರೀ, ನಿಮ್ಮ ಗೋತ್ರ ಬ್ಯಾರೆ. ದೇವರ ದೀಪ ನೀವೇ ಹಚ್ಚರಿ’ ಎಂದರು. ಅತ್ತೆ ಅಪ್ಪನ ಮುಖ ನೋಡಿದಳು. ಅಪ್ಪ ನೆಲ ನೋಡುತ್ತಿದ್ದ. ಅವಳು ಎದ್ದು ಹೋಗಿ ದೀಪ ಹಚ್ಚಿದಳು. ಸೂತಕ ಕಳೆಯುವವರೆಗೂ ದಿನವೂ ಹಚ್ಚಿದಳು. ಮಡಿ ಎಂದು ಹೇಳಿ ಒಬ್ಬರನ್ನು ಮನೆಯಿಂದ ಹೊರಗಿಡಬಹುದು ಎಂದು ನನಗೆ ಅಂದೇ ಗೊತ್ತಾದದ್ದು. ಆ ಸಂಕಟ ಇನ್ನೂ ಆರಿಲ್ಲ.

ಹಿಂದಿನ ವಾರ ಅತ್ತೆಯೂ ಹೋದಳು. ಶಾಸ್ತ್ರ ಕೇಳಿದರೆ ನನಗೆ ಸೂತಕವಿಲ್ಲ. ನಾನು ಕೇಳಲಿಲ್ಲ. ದೇವರ ಮುಂದೆ ದೀಪ ಹಚ್ಚಿಯೂ ಇಲ್ಲ.

ಪಕ್ಕದಾಕೆ ಹಣ್ಣು ಮುಂದೆ ಹಿಡಿದಳು. ‘ದೇವರಿಗೆ ಇಡ್ರೀ.’

‘ಈಗ ಬ್ಯಾಡ್ರೀ. ನಮಗ ಸೂತಕ ಅದ. ಅತ್ತಿ ಹೋದ್ರು.’

‘ಅಯ್ಯ! ಸ್ವಂತ ಅತ್ತಿ ಏನ್ರೀ?’

‘ಹೌದ್ರೀ,’ ಎಂದೆ. ‘ನಮ್ಮಜ್ಜಿ ಮಗಳು.’