ಒಣಮೀನಿನ ಡಬ್ಬಿ

ಬಿಣಗಾದಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಸೆರಗಿನಿಂದ ಮೂಗು ಉಜ್ಜಿಕೊಳ್ಳುತ್ತ, ಎದುರು ಸಿಕ್ಕವರನ್ನೆಲ್ಲ "ಇವತ್ತೆಂತ ಅಡ್ಗೆ?" ಎಂದು ಕೇಳುತ್ತಿದ್ದರು. ಕುಶಲ ವಿಚಾರಿಸುವುದೆಂದರೆ ಅವರಿಗೆ ಅದೇ. ಕೇರಿಯಲ್ಲಿ ಕಳ್ಳತನ ಹೆಚ್ಚಿದಾಗ ಅವರು ಬಂಗಾರದ ಸರವನ್ನು, ಮಳೆಗಾಲಕ್ಕೆಂದು ತುಂಬಿಟ್ಟ ಒಣಮೀನಿನ ಡಬ್ಬಿಯ ತಳದಲ್ಲಿ ಹುದುಗಿಸಿಟ್ಟರು. "ಆ ನಾತಕ್ಕೆ ಯಾವ ಕಳ್ಳ ಕೈ ಹಾಕ್ತಾನೆ?" ಎಂದು ನಮಗೂ ಹೇಳಿದರು.

ಅವರು ಮದುವೆಗೆ ಹೋದ ದಿನ ಕಳ್ಳ ಬಂದ. ಟೀವಿ ಬಿಟ್ಟ, ಬೆಳ್ಳಿಯ ದೀಪ ಬಿಟ್ಟ, ಡಬ್ಬಿ ಹೊತ್ತೊಯ್ದ. ಮರುದಿನ ನೋಡಿದರೆ, ಸೋಪು ಹಚ್ಚಿ ತೊಳೆದ ಸರ ಬಾಗಿಲ ಚಿಲಕದಲ್ಲಿ ನೇತಾಡುತ್ತಿತ್ತು. ಮೀನು ಮಾತ್ರ ಬರಲಿಲ್ಲ.

"ಸರ ಕೊಟ್ಟು ಮೀನು ಇಟ್ಕಂಡಾನೆ ಅಂದ್ರೆ ಕಳ್ಳ ನಮ್ಮ ಕೇರಿಯವ್ನೇ" ಎಂದರು ಅಕ್ಕ. ಅಂದಿನಿಂದ ಊಟದ ಹೊತ್ತಿಗೆ ಮನೆಮನೆಯ ಬಾಗಿಲಲ್ಲಿ ನಿಂತು, ಮೂಗರಳಿಸಿ ಅದೇ ಪ್ರಶ್ನೆ. ಇಡೀ ಕೇರಿ ಒಣಮೀನು ಸುಡುವುದನ್ನೇ ಬಿಟ್ಟಿತು.

ಒಂದು ಮಧ್ಯಾಹ್ನ ಆಸೆ ತಡೆಯಲಾಗದೆ, ಅಂಕೋಲೆಯ ಸಂತೆಯಲ್ಲಿ ಕೊಂಡಿದ್ದ ನಮ್ಮದೇ ಮೀನನ್ನು ಕಿಟಕಿ ಮುಚ್ಚಿಕೊಂಡು ಸುಟ್ಟೆವು. ಆಗಲೇ ಬಾಗಿಲು ಬಡಿದ ಸದ್ದಾಯಿತು.

"ಇವತ್ತೆಂತ ಅಡ್ಗೆ?"

"ಬರೀ ದಾಳಿ ಸಾರು, ಅಕ್ಕಾ" ಎಂದೆ.

ಅವರು ನನ್ನ ಮುಖ ನೋಡಲೇ ಇಲ್ಲ. ನನ್ನ ಕಾಲು ಸುತ್ತುತ್ತ ಕೂಗುತ್ತಿದ್ದ ತಮ್ಮ ಬೆಕ್ಕನ್ನೇ ನೋಡುತ್ತಿದ್ದರು.